ಟರ್ಬೊ ಕಾರಿನಲ್ಲಿ ಬೂಸ್ಟ್ ಕುಸಿದಾಗ: ಬ್ಲೋ-ಆಫ್ ವಾಲ್ವಿನಿಂದ ವೇಸ್ಟ್‌ಗೇಟ್‌ವರೆಗೆ ದೋಷ ಹುಡುಕುವ ಕ್ರಮ

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುವ ಯಂತ್ರ; ಆ ಹೆಚ್ಚುವರಿ ಒತ್ತಡವೇ ಬೂಸ್ಟ್. ಟರ್ಬೊ ಇರುವ ಪೆಟ್ರೋಲ್ ಕಾರು ಪಿಕಪ್ ಕಳೆದುಕೊಂಡಿತೆಂದರೆ ಅನೇಕ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು ‘ಟರ್ಬೊ ಹೋಗಿದೆ’ ಎಂಬುದು. ಆ ಮಾತು ನಿಜವಾಗುವ ಸಂದರ್ಭಗಳೂ ಇವೆ. ಆದರೆ ಟರ್ಬೊ ಕೆಡುವುದಕ್ಕೆ ಬಹಳ ಮೊದಲೇ, ಅದು ಒತ್ತಿ ಕಳಿಸಿದ ಗಾಳಿ ಎಂಜಿನ್ನಿಗೆ ತಲುಪುವ ದಾರಿಯಲ್ಲಿ ಎಲ್ಲೋ ಸೋರಿಹೋಗುವುದೇ ಹೆಚ್ಚು. ಒಂದು ಸಡಿಲ ಕ್ಲಾಂಪ್, ತುದಿಯಲ್ಲಿ ಸೀಳಿದ ಸಣ್ಣ ರಬ್ಬರ್ ಪೈಪು, ಬ್ಲೋ-ಆಫ್ ವಾಲ್ವಿನೊಳಗೆ ಹರಿದ ಡಯಾಫ್ರಾಮ್ (ರಬ್ಬರ್ ಪೊರೆ), ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಇವನ್ನು ಸರಿಪಡಿಸುವ ಖರ್ಚಿಗೂ ಹೊಸ ಟರ್ಬೊದ ಖರ್ಚಿಗೂ ಹೋಲಿಕೆಯೇ ಇಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಗಾಳಿಯ ದಾರಿಯನ್ನೇ ಹಿಡಿದು ಹೋಗುತ್ತದೆ. ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳು ಮೊದಲು, ಬಿಚ್ಚಬೇಕಾದ ಕೆಲಸ ನಂತರ, ಟರ್ಬೊದ ಮೇಲೆ ಅನುಮಾನ ಎಲ್ಲಕ್ಕಿಂತ ಕೊನೆಗೆ.

ವಾಲ್ವ್ ಮಾಡುವ ಕೆಲಸ

ಏರ್ ಫಿಲ್ಟರ್ ದಾಟಿದ ಗಾಳಿ ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಹೋಗಿ ಒತ್ತಡ ಪಡೆಯುತ್ತದೆ, ಇಂಟರ್‌ಕೂಲರ್‌ನಲ್ಲಿ ತಣಿಯುತ್ತದೆ, ಗಾಳಿಯ ಪ್ರಮಾಣ ನಿಯಂತ್ರಿಸುವ ಥ್ರಾಟಲ್ ದಾಟಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಸೇರುತ್ತದೆ. ನೀವು ವೇಗವಾಗಿ ಹೋಗುತ್ತಿದ್ದಾಗ ಗೇರ್ ಬದಲಿಸಲು ಆಕ್ಸಿಲರೇಟರ್ ಬಿಟ್ಟರೆ ಥ್ರಾಟಲ್ ಬಾಗಿಲು ಮುಚ್ಚಿಕೊಳ್ಳುತ್ತದೆ, ಆದರೆ ಟರ್ಬೊ ಮಾತ್ರ ತಿರುಗುತ್ತಲೇ ಇರುತ್ತದೆ. ನಡುವೆ ಸಿಕ್ಕಿಬಿದ್ದ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಕಂಪ್ರೆಸರ್ ಚಕ್ರದ ಮೇಲೆಯೇ ಹಿಮ್ಮುಖವಾಗಿ ನುಗ್ಗುತ್ತದೆ. ಇದನ್ನು ಸರ್ಜ್ ಎನ್ನುತ್ತಾರೆ. ಪಾರಿವಾಳ ರೆಕ್ಕೆ ಬಡಿದಂತೆ ಪಟಪಟ ಸದ್ದು ಬರುತ್ತದೆ. ಹೆಚ್ಚಿನ ಬೂಸ್ಟ್‌ನಲ್ಲಿ ಇದು ಮತ್ತೆ ಮತ್ತೆ ನಡೆದರೆ ಟರ್ಬೊದ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ಈ ಗಾಳಿಗೆ ದಾರಿ ಬಿಡುವುದೇ ವಾಲ್ವಿನ ಕೆಲಸ. ಗಾಳಿಯನ್ನು ಹೊರಕ್ಕೆ ಬಿಟ್ಟರೆ ಅದು ಬ್ಲೋ-ಆಫ್ ವಾಲ್ವ್. ಟರ್ಬೊದ ಬಾಯಿಗೇ ಮರಳಿಸಿದರೆ ಡೈವರ್ಟರ್ ಅಥವಾ ಬೈಪಾಸ್ ವಾಲ್ವ್. ಕಂಪನಿಯಿಂದ ಬರುವ ಕಾರುಗಳಲ್ಲಿ ಸಾಮಾನ್ಯವಾಗಿ ಎರಡನೆಯದೇ ಇರುತ್ತದೆ.

ಪೂರ್ತಿ ಯಾಂತ್ರಿಕವಾದ ವಾಲ್ವಿನ ಒಳಗುಟ್ಟು ತಿಳಿದರೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಅದರ ಮೇಲಿನ ಕೋಣೆಗೆ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪು ಬರುತ್ತದೆ. ಬೂಸ್ಟ್ ಇರುವಾಗ ಅದೇ ಒತ್ತಡ ಮೇಲಿನಿಂದಲೂ ಕೂತು, ಸ್ಪ್ರಿಂಗ್‌ನೊಂದಿಗೆ ಸೇರಿ ವಾಲ್ವನ್ನು ಮುಚ್ಚಿಡುತ್ತದೆ. ಥ್ರಾಟಲ್ ಮುಚ್ಚಿದ ಕೂಡಲೇ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಉಂಟಾಗಿ ವಾಲ್ವನ್ನು ಮೇಲಕ್ಕೆ ಎಳೆಯುತ್ತದೆ, ಕೆಳಗಿನ ಒತ್ತಡ ಅದನ್ನು ತಳ್ಳುತ್ತದೆ. ಹೀಗಾಗಿ ಆ ಸಣ್ಣ ಪೈಪು ಸೀಳಿದರೆ ಎರಡು ಕಡೆಯ ನಷ್ಟ: ಬೂಸ್ಟ್ ಬೇಕಾದಾಗ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ, ತೆರೆಯಬೇಕಾದಾಗ ತೆರೆಯುವುದೂ ಇಲ್ಲ.

ಡೀಸೆಲ್ ಕಾರುಗಳ ವಿಷಯ ಬೇರೆ. ಪೆಟ್ರೋಲ್ ಎಂಜಿನ್ನಿನಂತೆ ಶಕ್ತಿಯನ್ನು ಥ್ರಾಟಲ್‌ನಿಂದ ನಿಯಂತ್ರಿಸದ ಕಾರಣ ಅವುಗಳಿಗೆ ಬ್ಲೋ-ಆಫ್ ವಾಲ್ವ್ ಬೇಕಾಗುವುದಿಲ್ಲ. ಅಲ್ಲಿ ಪೈಪುಗಳ ಸೋರಿಕೆಯ ಜೊತೆಗೆ, ಟರ್ಬೊದೊಳಗಿನ ಚಲಿಸುವ ರೆಕ್ಕೆಗಳು ಮಸಿ ಹಿಡಿದು ಸಿಕ್ಕಿಕೊಳ್ಳುವುದು ಮುಖ್ಯ ದೋಷ. ಕೆಳಗಿನ ಪೈಪು ಪರೀಕ್ಷೆ ಡೀಸೆಲ್‌ಗೂ ಅನ್ವಯಿಸುತ್ತದೆ, ವಾಲ್ವಿನ ಭಾಗ ಅನ್ವಯಿಸುವುದಿಲ್ಲ.

ಮೊದಲ ಹೆಜ್ಜೆ: ಲಕ್ಷಣವನ್ನು ಸರಿಯಾಗಿ ಗುರುತಿಸಿ

‘ಪಿಕಪ್ ಇಲ್ಲ’ ಎಂಬಷ್ಟರಿಂದ ಏನೂ ತಿಳಿಯುವುದಿಲ್ಲ. ತೊಂದರೆ ಯಾವಾಗ, ಯಾವ ಸದ್ದಿನೊಂದಿಗೆ ಬರುತ್ತದೆ ಎಂಬುದನ್ನು ಒಂದೆರಡು ದಿನ ಗಮನಿಸಿ ಕಾಗದದಲ್ಲಿ ಬರೆದಿಡಿ. ಆಕ್ಸಿಲರೇಟರ್ ಒತ್ತಿದಾಗ ಬುಸ್ ಎಂಬ ಸದ್ದು ಏರುತ್ತ ಹೋಗಿ ಶಕ್ತಿ ಮಾತ್ರ ಏರದಿದ್ದರೆ ಟರ್ಬೊ ನಂತರದ ಪೈಪಿನಲ್ಲಿ ಸೋರಿಕೆ ಇರುವ ಸಂಭವ ಹೆಚ್ಚು. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸದ್ದು ಬಂದರೆ ವಾಲ್ವ್ ತೆರೆಯುತ್ತಿಲ್ಲ. ಗೇರ್ ಬದಲಿಸಿದ ಕ್ಷಣದಲ್ಲಿ ಮುಗ್ಗರಿಸಿ ಕಪ್ಪು ಹೊಗೆ ಬಿಟ್ಟರೆ ಎಂಜಿನ್ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಪಡೆಯುತ್ತಿದೆ. ಐಡಲಿಂಗ್‌ನಲ್ಲಿ ಆರ್‌ಪಿಎಂ ಮುಳ್ಳು ಏರಿಳಿಯುತ್ತಿದ್ದರೆ ಥ್ರಾಟಲ್‌ನಿಂದಾಚೆ ಹೊರಗಾಳಿ ಒಳಸೇರುತ್ತಿರಬಹುದು. ಚೆನ್ನಾಗಿ ಎಳೆದುಕೊಂಡು ಹೋಗುತ್ತಿದ್ದ ಕಾರು ಒಮ್ಮೆಲೇ ಶಕ್ತಿ ಕಡಿದು, ಎಂಜಿನ್ ಆರಿಸಿ ಮತ್ತೆ ಹಚ್ಚಿದ ಮೇಲೆ ಸರಿಹೋದರೆ ಬೂಸ್ಟ್ ಮಿತಿ ಮೀರಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ರಕ್ಷಣೆಗೆ ಇಳಿದಿರುವ ಸಾಧ್ಯತೆಯನ್ನು ಮರೆಯಬೇಡಿ.

ಎರಡನೆಯ ಹೆಜ್ಜೆ: ಕೋಡ್ ಮತ್ತು ಅಂಕಿಗಳು

ಕಂಪ್ಯೂಟರ್ ದಾಖಲಿಸಿದ ದೋಷಸಂಕೇತಗಳನ್ನು (ಕೋಡ್) ಓದಲು ಕಾರಿನ ಓಬಿಡಿ ಪೋರ್ಟಿಗೆ ಹಾಕುವ ಸಾಧಾರಣ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಈ ಹಂತಕ್ಕೆ ಸಾಕು. ಪಿ0299 ಎಂದರೆ ಬೂಸ್ಟ್ ಕಡಿಮೆ, ಪಿ0234 ಎಂದರೆ ಬೂಸ್ಟ್ ಹೆಚ್ಚು. ಪಿ0033ರಿಂದ ಪಿ0035ರವರೆಗಿನವು ಬೈಪಾಸ್ ವಾಲ್ವಿನ ವಿದ್ಯುತ್ ಸರ್ಕ್ಯೂಟ್‌ಗೆ ಸೇರಿದವು. ಪಿ0243 ವೇಸ್ಟ್‌ಗೇಟ್ (ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲು) ನಡೆಸುವ ಸೊಲೆನಾಯ್ಡ್‌ಗೆ, ಅಂದರೆ ವಿದ್ಯುತ್ ವಾಲ್ವಿಗೆ, ಸೇರಿದ್ದು. ಪಿ0171 ಬಂದಿದ್ದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪಿ0172 ಬಂದಿದ್ದರೆ ಪೆಟ್ರೋಲ್ ಹೆಚ್ಚು. ಕೋಡ್ ಹೇಳುವುದು ಏನಾಯಿತು ಎಂಬುದನ್ನಷ್ಟೇ, ಏಕೆ ಆಯಿತು ಎಂಬುದನ್ನಲ್ಲ. ಪಿ0299 ನೋಡಿ ಟರ್ಬೊ ಬದಲಿಸುವುದು ಜ್ವರ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತೆ.

ಈಗ ಮ್ಯಾನಿಫೋಲ್ಡ್ ಒತ್ತಡದ ಅಂಕಿ ನೋಡಿ. ಇಲ್ಲಿ ನಮ್ಮ ನಾಡಿನ ಭೂಗೋಳವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಈ ಅಂಕಿ ವಾತಾವರಣದ ಒತ್ತಡವನ್ನೂ ಒಳಗೊಂಡಿರುತ್ತದೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ಹಚ್ಚದೆ ನೋಡಿದರೆ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್ ಕಾಣಬೇಕು; ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ ಅದಕ್ಕಿಂತಲೂ ಕಡಿಮೆ. ಬೆಂಗಳೂರಿನಲ್ಲಿ ನಿಂತು 91 ಕಂಡು ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬೇಡಿ. 101 ಕಂಡರೆ ಮಾತ್ರ ಅನುಮಾನಿಸಿ. ನಿಜವಾದ ಬೂಸ್ಟ್ ಬೇಕಾದರೆ ಓಡುವಾಗಿನ ಅಂಕಿಯಿಂದ ಈ ನಿಂತ ಅಂಕಿಯನ್ನು ಕಳೆಯಿರಿ. 180ರಲ್ಲಿ 91 ಕಳೆದರೆ 89 ಕಿಲೋಪಾಸ್ಕಲ್, ಅಂದರೆ ಸುಮಾರು 0.9 ಬಾರ್ ಅಥವಾ 13 ಪಿಎಸ್‌ಐ. ಹೊರಗಿನಿಂದ ಅಳವಡಿಸಿದ ಬೂಸ್ಟ್ ಗೇಜ್ ಇದ್ದವರು ಇನ್ನೊಂದು ಮಾತು ನೆನಪಿಡಬೇಕು: ಕರಾವಳಿಯಲ್ಲಿ ಐಡಲಿಂಗ್‌ನಲ್ಲಿ 20 ಇಂಚು (ಪಾದರಸದ ಅಳತೆಯಲ್ಲಿ) ನಿರ್ವಾತ ತೋರುವ ಅದೇ ಆರೋಗ್ಯವಂತ ಎಂಜಿನ್ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದಾಗ 17ರ ಹತ್ತಿರ ತೋರುತ್ತದೆ. ಅದು ಸೋರಿಕೆಯಲ್ಲ, ಎತ್ತರದ ಪರಿಣಾಮ.

ಓಡಿಸಿ ದಾಖಲಿಸುವಾಗ ವಾಹನಸಂಚಾರವಿಲ್ಲದ ನೇರ ರಸ್ತೆ ಆರಿಸಿ, ಮೊಬೈಲನ್ನು ಪಕ್ಕದಲ್ಲಿ ಕೂತವರ ಕೈಯಲ್ಲಿ ಕೊಡಿ. ಮೂರನೆಯ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ, ವೇಗಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಏರಲಿ. ಕಂಪ್ಯೂಟರ್ ಕೇಳಿದ ಬೂಸ್ಟ್ ಮತ್ತು ನಿಜವಾಗಿ ಬಂದ ಬೂಸ್ಟ್ ಎರಡನ್ನೂ ತೋರಿಸುವ ಸಾಧನವಿದ್ದರೆ ಕೆಲಸ ಸುಲಭ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಹಳೆಯ ಟಿಎಸ್‌ಐ ಎಂಜಿನ್‌ಗಳಲ್ಲಿ ವಿಸಿಡಿಎಸ್ ಉಪಕರಣದ 115ನೇ ಗುಂಪಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕೇಳಿದ ಬೂಸ್ಟೇ ಕಡಿಮೆ ಇದ್ದರೆ ದೋಷ ಗಾಳಿಯ ದಾರಿಯಲ್ಲಿಲ್ಲ. ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು), ಎಂಜಿನ್ ಬಿಸಿ, ಅಥವಾ ಬೇರೊಂದು ಸೆನ್ಸರ್‌ನ ಕಾರಣಕ್ಕೆ ಕಂಪ್ಯೂಟರೇ ಬೂಸ್ಟನ್ನು ತಡೆಹಿಡಿದಿದೆ. ಕೇಳಿದ್ದು ಹೆಚ್ಚು, ಬಂದದ್ದು ಕಡಿಮೆ ಎಂದಾದರೆ ಮುಂದಿನ ಹೆಜ್ಜೆಗೆ ಹೋಗಿ.

ಮೂರನೆಯ ಹೆಜ್ಜೆ: ಕಣ್ಣು ಮತ್ತು ಕೈ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಒಳ್ಳೆಯ ಟಾರ್ಚ್ ಹಿಡಿದು ಏರ್ ಫಿಲ್ಟರ್ ಪೆಟ್ಟಿಗೆಯಿಂದ ಥ್ರಾಟಲ್‌ವರೆಗೆ ಪ್ರತಿ ಪೈಪನ್ನೂ ಬೆರಳಿನಿಂದ ಸವರುತ್ತ ಹೋಗಿ. ರಬ್ಬರ್ ಪೈಪುಗಳು ನಡುವೆ ಸೀಳುವುದಕ್ಕಿಂತ ಕ್ಲಾಂಪ್ ಕೂತ ಅಂಚಿನಲ್ಲಿ, ಅದೂ ಕಣ್ಣಿಗೆ ಬೀಳದ ಕೆಳಬದಿಯಲ್ಲಿ ಸೀಳುವುದು ಹೆಚ್ಚು. ಪೈಪಿನ ಹೊರಗೆ ಎಣ್ಣೆ ಬೆರೆತ ಧೂಳು ಒಂದು ಕಡೆ ಮಾತ್ರ ಮೆತ್ತಿಕೊಂಡಿದ್ದರೆ ಗಾಳಿ ಅಲ್ಲಿಂದಲೇ ಹೊರಬರುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ಸಣ್ಣ ವ್ಯಾಕ್ಯೂಮ್ ಪೈಪುಗಳ ತುದಿಗಳನ್ನು ಸ್ವಲ್ಪ ಬಗ್ಗಿಸಿ ನೋಡಿ. ನೇರವಾಗಿದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿಬಿಡುತ್ತದೆ.

ಮಳೆಗಾಲದಲ್ಲಿ ಇಲಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಕಾರಿನಲ್ಲಿ ಒಮ್ಮೆ ಬೂಸ್ಟ್ ಮಿತಿ ಮೀರುವ ಕೋಡ್ ಬಂದು, ಗ್ಯಾರೇಜಿನವರು ವೇಸ್ಟ್‌ಗೇಟ್ ಸಮೇತ ಟರ್ಬೊ ಬದಲಿಸಬೇಕೆಂದಿದ್ದರು. ಮನೆಗೆ ತಂದು ಬಾನೆಟ್ ತೆಗೆದು ನೋಡಿದರೆ ವೇಸ್ಟ್‌ಗೇಟನ್ನು ತಳ್ಳಿ ತೆರೆಯುವ ಆಕ್ಚುಯೇಟರ್‌ಗೆ ಹೋಗುವ ಪೈಪಿನಲ್ಲಿ ಅಕ್ಕಿಕಾಳಿನಷ್ಟು ಅಗಲದ ಎರಡು ಹಲ್ಲಿನ ಗುರುತು, ಅದರ ಕೆಳಗೆ ಎಂಜಿನ್ ಕವರಿನ ಮೇಲೆ ಕಪ್ಪು ರಬ್ಬರಿನ ಪುಡಿ. ಆ ತೂತಿನಿಂದ ಒತ್ತಡ ಹೊರಹೋಗಿ ವೇಸ್ಟ್‌ಗೇಟ್ ತೆರೆಯಲು ಆದೇಶವೇ ತಲುಪುತ್ತಿರಲಿಲ್ಲ. ಒಂದು ಗೇಣು ಉದ್ದದ ಹೊಸ ಪೈಪು ಹಾಕಿದ ಮೇಲೆ ಕೋಡ್ ಮರಳಲಿಲ್ಲ. ಆ ದಿನದಿಂದ ನಾನು ಯಾವ ಕಾರಿನ ದೂರು ಕೇಳಿದರೂ ಮೊದಲು ಟಾರ್ಚ್ ಹುಡುಕುತ್ತೇನೆ.

ನಾಲ್ಕನೆಯ ಹೆಜ್ಜೆ: ವಾಲ್ವಿನ ಪರೀಕ್ಷೆ

ಯಾಂತ್ರಿಕ ವಾಲ್ವ್ ಆಗಿದ್ದರೆ ಬಿಚ್ಚಿ, ಮೇಲಿನ ಸಣ್ಣ ಮೂತಿಗೆ ಕೈ ವ್ಯಾಕ್ಯೂಮ್ ಪಂಪ್ ಜೋಡಿಸಿ 20 ಇಂಚಿನಷ್ಟು ನಿರ್ವಾತ ಕೊಡಿ. ವಾಲ್ವ್ ಮೇಲೆದ್ದು ಹಾಗೆಯೇ ನಿಲ್ಲಬೇಕು. ಮುಳ್ಳು ನಿಧಾನವಾಗಿ ಇಳಿದರೂ ಡಯಾಫ್ರಾಮ್ ಅಥವಾ ಒಳಗಿನ ಸೀಲ್ ಸೋರುತ್ತಿದೆ. ನಿರ್ವಾತ ಬಿಟ್ಟಾಗ ಅದು ತಡೆಯಿಲ್ಲದೆ ಹಿಂದಿರುಗಬೇಕು. ಪಿಸ್ಟನ್ ಮಾದರಿಯದ್ದು ಅರ್ಧದಲ್ಲಿ ಸಿಕ್ಕಿಕೊಂಡರೆ ಬಿಚ್ಚಿ, ಒರೆಸಿ, ತಯಾರಕರು ಹೇಳಿದ ಗ್ರೀಸನ್ನು ತೆಳ್ಳಗೆ ಸವರಿ ಜೋಡಿಸಿ. ದಪ್ಪ ಗ್ರೀಸ್ ಧೂಳು ಹಿಡಿದು ಮತ್ತೆ ಅದೇ ಸ್ಥಿತಿಗೆ ತರುತ್ತದೆ. ವಾಲ್ವಿನ ಪೈಪು ಮ್ಯಾನಿಫೋಲ್ಡಿನಿಂದ ನೇರವಾಗಿ ಬರಲಿ. ಗೇಜ್‌ಗೋ ಇನ್ನಾವುದಕ್ಕೋ ಅದರಿಂದಲೇ ‘ಟಿ’ ಆಕಾರದ ಜೋಡಣೆ ಹಾಕಿ ಕವಲೊಡೆದರೆ ವಾಲ್ವಿನ ಪ್ರತಿಕ್ರಿಯೆ ತಡವಾಗುತ್ತದೆ.

ವಿದ್ಯುತ್ ವಾಲ್ವ್‌ಗೆ ಪ್ರಸಿದ್ಧ ಉದಾಹರಣೆ, ಫೋಕ್ಸ್‌ವ್ಯಾಗನ್ ಸಮೂಹದ 1.8 ಮತ್ತು 2.0 ಲೀಟರ್ ಟಿಎಸ್‌ಐ ಎಂಜಿನ್‌ಗಳಲ್ಲಿ ಟರ್ಬೊದ ಮೈಗೇ ಮೂರು ಬೋಲ್ಟ್‌ಗಳಿಂದ ಕೂತಿರುವ ಎನ್249. ನಮ್ಮಲ್ಲಿ ಸ್ಕೋಡಾ ಲಾರಾ, ಆಕ್ಟೇವಿಯಾ ಇಟ್ಟುಕೊಂಡವರಿಗೆ ಈ ಹೆಸರು ಪರಿಚಿತ. ಇದರ ಹಿಂದಿನ ಆವೃತ್ತಿಗಳಲ್ಲಿ ಮುಚ್ಚಳದ ಸುತ್ತ ರಬ್ಬರ್ ಡಯಾಫ್ರಾಮ್ ಇತ್ತು, ಅದು ಹರಿಯುವುದು ಜಗತ್ತಿನಾದ್ಯಂತ ಕಂಡ ದೋಷ; ನಂತರ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಡಯಾಫ್ರಾಮ್ ಬದಲು ಪಿಸ್ಟನ್ ಬಂತು. ವಾಲ್ವನ್ನು ಕೈಯಲ್ಲಿ ಹಿಡಿದು ರಬ್ಬರಿನ ಮಡಿಕೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹಿಗ್ಗಿಸುತ್ತ ಪೂರ್ತಿ ಒಂದು ಸುತ್ತು ನೋಡಿ. ಹರಿದದ್ದು ಸಾಮಾನ್ಯವಾಗಿ ಉಗುರಿನ ಬಿಳಿ ಅಂಚಿನಂತೆ ಬಾಗಿದ ತೆಳು ಗೆರೆಯಾಗಿ ಕಾಣುತ್ತದೆ. ಹಿಗ್ಗಿಸದಿದ್ದರೆ ಕಾಣುವುದೇ ಇಲ್ಲ. ಈ ವಾಲ್ವ್ ವಿದ್ಯುತ್ ಬಂದಾಗ ತೆರೆಯುತ್ತದೆ, ಇಲ್ಲದಾಗ ಸ್ಪ್ರಿಂಗ್‌ನಿಂದ ಮುಚ್ಚಿರುತ್ತದೆ. ಆದ್ದರಿಂದ ವೈರ್ ಕಡಿದಿದ್ದರೆ ಬೂಸ್ಟ್ ಸರಿಯಾಗಿಯೇ ಬಂದು, ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಪಟಪಟ ಸದ್ದು ಕೇಳುತ್ತದೆ. ಡಯಾಫ್ರಾಮ್ ಹರಿದಿದ್ದರೆ ಬೂಸ್ಟೇ ಏರುವುದಿಲ್ಲ. ಸ್ಕ್ಯಾನರ್‌ನ ಔಟ್‌ಪುಟ್ ಟೆಸ್ಟ್‌ನಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಕಾಯಿಲ್ ಜೀವಂತವಾಗಿದೆ ಎಂದಷ್ಟೇ ಅರ್ಥ, ರಬ್ಬರ್ ಸರಿಯಿದೆ ಎಂದಲ್ಲ. ಎಲ್ಲ ಕಾರುಗಳಲ್ಲೂ ಇಂಥ ಪ್ರತ್ಯೇಕ ವಾಲ್ವ್ ಇರುವುದಿಲ್ಲ; ನಿಮ್ಮ ಎಂಜಿನ್ನಿನಲ್ಲಿ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಐದನೆಯ ಹೆಜ್ಜೆ: ಒತ್ತಡ ತುಂಬಿ ಸೋರಿಕೆ ಹುಡುಕುವುದು

ಎಲ್ಲ ಪರೀಕ್ಷೆಗಳಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನು. ಟರ್ಬೊದ ಗಾಳಿ ಒಳಹೋಗುವ ಬಾಯಿಯ ಅಳತೆಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ; ಟ್ಯೂಬ್‌ಲೆಸ್ ಟೈರಿನ ವಾಲ್ವ್ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಪ್‌ಗೆ ತೂತು ಕೊರೆದು ವಾಲ್ವ್ ಕೂರಿಸಿ, ಒಳಗಾಳಿಯ ಪೈಪನ್ನು ಕಳಚಿ, ಗಟ್ಟಿ ರಬ್ಬರ್ ತುಂಡು ಮತ್ತು ಕ್ಲಾಂಪ್‌ಗಳಿಂದ ಕ್ಯಾಪನ್ನು ಟರ್ಬೊದ ಬಾಯಿಗೆ ಬಿಗಿಯಿರಿ. ಆ ಭಾಗಕ್ಕೆ ಸೇರುವ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಆಯಿಲ್ ಇರುವ ಕೆಳಭಾಗ) ಗಾಳಿಯ ಪೈಪನ್ನು ಮುಚ್ಚಿ. ಎಂಜಿನ್ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದಿಡಿ, ಗಾಳಿ ಒಳಗೆ ನುಸುಳಿದರೂ ಆಯಿಲ್ ಸೀಲ್‌ಗಳ ಮೇಲೆ ಒತ್ತಡ ಬೀಳದಿರಲಿ.

ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಇಲ್ಲದೆ ಗಾಳಿ ತುಂಬುವ ಕಂಪ್ರೆಸರ್ ಜೋಡಿಸಲೇಬೇಡಿ. ಟೈರಿಗೆ ಗಾಳಿ ತುಂಬುವ ಯಂತ್ರದ ಟ್ಯಾಂಕಿನಲ್ಲಿ ನಮಗೆ ಬೇಕಾದುದಕ್ಕಿಂತ ಹಲವು ಪಟ್ಟು ಒತ್ತಡವಿರುತ್ತದೆ, ಅಷ್ಟು ಗಾಳಿ ಒಮ್ಮೆಲೇ ನುಗ್ಗಿದರೆ ಕ್ಯಾಪ್ ಗುಂಡಿನಂತೆ ಹಾರುತ್ತದೆ. ಕ್ಯಾಪ್‌ನ ನೇರಕ್ಕೆ ಮುಖ ಇಡಬೇಡಿ, ಕನ್ನಡಕ ಹಾಕಿಕೊಳ್ಳಿ. 5 ಪಿಎಸ್‌ಐಯಿಂದ ಶುರುಮಾಡಿ, ನಿಧಾನವಾಗಿ ಏರಿಸಿ, ಕಾರಿನ ಸಾಮಾನ್ಯ ಬೂಸ್ಟನ್ನು ಮೀರಬೇಡಿ. ಹೇಗೂ 15 ಪಿಎಸ್‌ಐ ದಾಟುವ ಅಗತ್ಯವಿಲ್ಲ. ಈಗ ಕಿವಿಗೊಟ್ಟು ಕೇಳಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಸೇರುವೆಯ ಮೇಲೂ ಸಿಂಪಡಿಸಿ. ದೊಡ್ಡ ಸೋರಿಕೆ ನೀರನ್ನು ಚಿಮ್ಮಿಸುತ್ತದೆ. ಸಣ್ಣ ಸೋರಿಕೆಯ ಜಾಗದಲ್ಲಿ ಮೊದಲ ಕೆಲವು ಕ್ಷಣ ಏನೂ ಕಾಣದೆ, ಆಮೇಲೆ ಕ್ಲಾಂಪಿನ ಅಂಚಿನಡಿಯಿಂದ ಸಾಸಿವೆಗಾತ್ರದ ಬಿಳಿ ನೊರೆ ಒಂದರ ಮೇಲೊಂದು ಉಕ್ಕಿಬರುತ್ತದೆ. ಅವಸರಪಟ್ಟರೆ ಇದು ಕೈತಪ್ಪುತ್ತದೆ. ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯೂಮಿನಿಯಂ ಭಾಗವೂ ಕೂಡುವ ಗೆರೆಯನ್ನು ಮರೆಯಬೇಡಿ.

ಗೇಜ್ ಮುಳ್ಳು ಸ್ಥಿರವಾಗಿ ನಿಲ್ಲಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಯಾವುದೋ ಸಿಲಿಂಡರಿನ ವಾಲ್ವ್ ತೆರೆದೇ ಇರುವುದರಿಂದ ಸ್ವಲ್ಪ ಗಾಳಿ ಎಂಜಿನ್ ಮೂಲಕ ಹೋಗುವುದು ಸಹಜ. ನಾವು ಹುಡುಕುವುದು ಹೊರಕ್ಕೆ ಬರುವ ಗಾಳಿಯನ್ನು.

ಈ ಪರೀಕ್ಷೆಗೆ ಒಂದು ಕುರುಡುಮೂಲೆ ಇದೆ, ಅನುಭವಿಗಳೂ ಅಲ್ಲಿ ಎಡವುತ್ತಾರೆ. ಡೈವರ್ಟರ್ ವಾಲ್ವ್ ಗಾಳಿಯನ್ನು ಟರ್ಬೊದ ಬಾಯಿಗೇ ಮರಳಿಸುತ್ತದೆ. ನಾವು ಕ್ಯಾಪ್ ಹಾಕಿ ಒತ್ತಡ ತುಂಬಿದಾಗ ಆ ಬಾಯಿಯಲ್ಲೂ ಅದೇ ಒತ್ತಡ, ವಾಲ್ವಿನ ಇನ್ನೊಂದು ಬದಿಯಲ್ಲೂ ಅದೇ ಒತ್ತಡ. ಎರಡೂ ಬದಿ ಸಮವಾದಾಗ ಹರಿದ ಡಯಾಫ್ರಾಮ್‌ನಿಂದ ಗಾಳಿ ಹರಿಯಲು ಕಾರಣವೇ ಇಲ್ಲ. ಹರಿದರೂ ಹೊರಗೆ ಬರುವುದಿಲ್ಲ. ಅಂದರೆ ಪೈಪುಗಳೆಲ್ಲ ಪರೀಕ್ಷೆಯಲ್ಲಿ ಗೆದ್ದರೂ ಡೈವರ್ಟರ್ ವಾಲ್ವ್ ಗೆದ್ದಂತಲ್ಲ. ಹೊಗೆ ತುಂಬುವ ಯಂತ್ರದ ಪರೀಕ್ಷೆಗೂ ಇದೇ ಮಿತಿ. ಹಾಗಾಗಿ ನಾಲ್ಕನೆಯ ಹೆಜ್ಜೆಯನ್ನು ಬಿಟ್ಟು ಐದನೆಯದಕ್ಕೆ ಹಾರಬೇಡಿ.

ಸಿಕ್ಕ ಸೋರಿಕೆಯನ್ನು ಮುಚ್ಚುವಾಗ ಪೈಪಿನ ಒಳಗಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಎಣ್ಣೆಯಿದ್ದರೆ ಎಷ್ಟೇ ಬಿಗಿದರೂ ಪೈಪು ಜಾರುತ್ತದೆ. ಸ್ಕ್ರೂ ಕ್ಲಾಂಪನ್ನು ಅತಿಯಾಗಿ ಬಿಗಿದರೆ ಅದರ ಹಲ್ಲು ರಬ್ಬರನ್ನೇ ಕತ್ತರಿಸುತ್ತದೆ.

ಆರನೆಯ ಹೆಜ್ಜೆ: ಸೋರಿಕೆ ಇಲ್ಲದಿದ್ದರೆ

ಇನ್ನು ಉಳಿದದ್ದು ವೇಸ್ಟ್‌ಗೇಟ್, ಅದನ್ನು ನಡೆಸುವ ಸೊಲೆನಾಯ್ಡ್ ಮತ್ತು ಹೊಗೆಯ ದಾರಿ. ವೇಸ್ಟ್‌ಗೇಟ್ ಹೆಚ್ಚಾದ ಹೊಗೆಯನ್ನು, ಟರ್ಬೊವನ್ನು ತಿರುಗಿಸುವ ಟರ್ಬೈನ್ ಚಕ್ರದ ಬದಿಯಿಂದ ಹೊರಗೆ ಕಳಿಸಿ ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲು. ಅದು ಪೂರ್ತಿ ಮುಚ್ಚದಿದ್ದರೆ ಬೂಸ್ಟ್ ಏರುವುದಿಲ್ಲ, ತೆರೆಯದಿದ್ದರೆ ಮಿತಿ ಮೀರುತ್ತದೆ. ಒತ್ತಡದಿಂದ ನಡೆಯುವ ಆಕ್ಚುಯೇಟರ್ ಆಗಿದ್ದರೆ ಕೈಪಂಪಿನಿಂದ ಒತ್ತಡ ಕೊಟ್ಟು ಅದರ ಕಡ್ಡಿ ತಡವರಿಸದೆ ಚಲಿಸುತ್ತದೆಯೇ, ಒತ್ತಡ ನಿಲ್ಲುತ್ತದೆಯೇ ನೋಡಿ. ಕಡ್ಡಿಯ ಕೀಲು ಸವೆದು ಸಡಿಲವಾಗಿದ್ದರೆ ಕಡಿಮೆ ಆರ್‌ಪಿಎಂನಲ್ಲಿ ಲೋಹದ ಕಿಣಿಕಿಣಿ ಸದ್ದು ಕೇಳುತ್ತದೆ. ಅಳತೆ ಮಾಡದೆ ಕಡ್ಡಿಯ ಉದ್ದವನ್ನು ತಿರುಪಿ ಬದಲಿಸಬೇಡಿ. ಬೂಸ್ಟ್ ಹೆಚ್ಚಿಸುವ ಸುಲಭದಾರಿಯೆಂದು ಇದನ್ನು ಮಾಡಿದವರು ಎಂಜಿನ್ನಿಗೇ ಅಪಾಯ ತಂದುಕೊಳ್ಳುತ್ತಾರೆ. ವಿದ್ಯುತ್ ಮೋಟಾರಿನ ಆಕ್ಚುಯೇಟರ್ ಬದಲಿಸಿದರೆ ಸ್ಕ್ಯಾನರ್‌ನಿಂದ ಅದರ ಸ್ಥಾನವನ್ನು ಕಂಪ್ಯೂಟರಿಗೆ ಕಲಿಸುವ ಕೆಲಸವೂ ಇರುತ್ತದೆ.

ಕಟ್ಟಿಕೊಂಡ ಏರ್ ಫಿಲ್ಟರ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್, ಟರ್ಬೊಗೆ ಮುಂಚೆ ಹೊಗೆ ಸೋರುವ ಗ್ಯಾಸ್ಕೆಟ್ ಕೂಡ ಬೂಸ್ಟನ್ನು ಕುಗ್ಗಿಸುತ್ತವೆ.

ಟರ್ಬೊವನ್ನು ನೋಡುವುದು ಈಗ. ಒಳಗಾಳಿಯ ಪೈಪು ಕಳಚಿ, ತಣ್ಣನೆಯ ಎಂಜಿನ್ನಿನಲ್ಲಿ ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಪಕ್ಕಕ್ಕೆ ಸ್ವಲ್ಪ ಅಲುಗುವುದು ಸಹಜ, ಓಡುವಾಗ ಆಯಿಲ್ ಪದರ ಅದನ್ನು ತುಂಬುತ್ತದೆ. ಹಿಂದಕ್ಕೆ ಮುಂದಕ್ಕೆ ಕೈಗೆ ತಿಳಿಯುವಷ್ಟು ಅಲುಗಿದರೆ, ರೆಕ್ಕೆಗಳ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ಅಥವಾ ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ತೆಳು ಪದರವಾಗಿರದೆ ಮಡುಗಟ್ಟಿ ನಿಂತಿದ್ದರೆ ಮಾತ್ರ ‘ಟರ್ಬೊ ಹೋಗಿದೆ’ ಎಂಬ ಮಾತನ್ನು ಒಪ್ಪಿಕೊಳ್ಳಿ.

ಸದ್ದಿಗಾಗಿ ಹಾಕಿಸಿದ ವಾಲ್ವ್

ಪುಸ್ ಎಂಬ ಸದ್ದಿಗಾಗಿ ಹೊರಕ್ಕೆ ಗಾಳಿ ಬಿಡುವ ವಾಲ್ವ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕಾರಣ ಬೇರೆಲ್ಲೂ ಹುಡುಕಬೇಡಿ. ಏರ್ ಫಿಲ್ಟರ್ ಬಳಿಯೇ ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ, ಆಗಲೇ ಲೆಕ್ಕಕ್ಕೆ ಬಂದ ಗಾಳಿಯನ್ನು ನಾವು ಹೊರಗೆ ಚೆಲ್ಲುತ್ತೇವೆ. ಕಂಪ್ಯೂಟರ್ ಆ ಗಾಳಿ ಇದೆಯೆಂದೇ ನಂಬಿ ಪೆಟ್ರೋಲ್ ಸುರಿಯುತ್ತದೆ. ಗೇರ್ ಬದಲಿಸಿದಾಗ ಮುಗ್ಗರಿಸುವುದು, ಕಪ್ಪು ಹೊಗೆ ಬರುವುದು ಅದರಿಂದಲೇ. ಸ್ಪ್ರಿಂಗ್ ಮೆದುವಾಗಿದ್ದರೆ ವಾಲ್ವ್ ಐಡಲಿಂಗ್‌ನಲ್ಲೂ ತೆರೆದಿದ್ದು ಹೊರಗಾಳಿಯನ್ನು ಧೂಳಿನೊಂದಿಗೆ ಒಳಗೆಳೆಯುತ್ತದೆ. ತೀರ ಗಟ್ಟಿಯಾಗಿದ್ದರೆ ತೆರೆಯದೆ ಸರ್ಜ್ ಆಗುತ್ತದೆ. ಮ್ಯಾನಿಫೋಲ್ಡ್ ಒತ್ತಡದಿಂದಲೇ ಗಾಳಿಯ ಲೆಕ್ಕ ಹಾಕುವ ಕಾರುಗಳು ಇದನ್ನು ಹೆಚ್ಚು ಸಹಿಸುತ್ತವೆ. ನನ್ನ ಸಲಹೆ ಸ್ಪಷ್ಟ: ರಸ್ತೆಯಲ್ಲಿ ಓಡುವ ಎಂಎಎಫ್ ಕಾರಿಗೆ ಕಂಪನಿಯ ಡೈವರ್ಟರ್ ವಾಲ್ವನ್ನೇ ಮರಳಿ ಹಾಕಿ.

ದುರಸ್ತಿಯ ನಂತರ

ಕೋಡ್‌ಗಳನ್ನು ಅಳಿಸಿ, ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ, ಸಾಧ್ಯವಾದರೆ ದಿನದ ಅದೇ ಹೊತ್ತಿನಲ್ಲಿ ಮತ್ತೊಮ್ಮೆ ದಾಖಲಿಸಿ ಹಳೆಯ ಅಂಕಿಗಳ ಪಕ್ಕ ಇಟ್ಟು ನೋಡಿ. ಮಧ್ಯಾಹ್ನದ ಬಿಸಿಯಲ್ಲಿ ಬಂದ ಅಂಕಿಯನ್ನು ಮುಂಜಾನೆಯ ತಂಪಿನ ಅಂಕಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಪೆಟ್ರೋಲ್-ಗಾಳಿ ಮಿಶ್ರಣಕ್ಕೆ ಕಂಪ್ಯೂಟರ್ ಮಾಡುವ ದೀರ್ಘಕಾಲಿಕ ತಿದ್ದುಪಡಿ (ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್) ಕೆಲವು ದಿನ ಓಡಿಸಿದ ಮೇಲೆ ಶೇಕಡಾ 5ರ ಒಳಗೆ ಬಂದು ನಿಲ್ಲಬೇಕು. 10 ದಾಟಿಯೇ ಇದ್ದರೆ ಇನ್ನೊಂದು ಸೋರಿಕೆ ಉಳಿದಿರಬಹುದು. ವಾರದ ನಂತರ ಎಂಜಿನ್ ತಣ್ಣಗಿರುವಾಗ, ನೀವು ಬಿಚ್ಚಿ ಹಾಕಿದ ಪ್ರತಿ ಕ್ಲಾಂಪನ್ನೂ ಮತ್ತೊಮ್ಮೆ ಕೈಯಾಡಿಸಿ ನೋಡಿ. ಬಿಸಿ ಉಂಡ ಹೊಸ ರಬ್ಬರ್ ತುಸು ಕುಗ್ಗಿ ಕೂರುವುದರಿಂದ ಸ್ಕ್ರೂ ಕ್ಲಾಂಪ್‌ಗಳಿಗೆ ಕಾಲು ಸುತ್ತಿನಷ್ಟು ಬಿಗಿ ಮತ್ತೆ ಬೇಕಾಗಬಹುದು.